ಯಾರು ಹೊರಗುಳಿದಿದ್ದಾರೆ, ಮೊದಲು ಅದನ್ನು ನೋಡಿ: ಎಲ್ಲ ಮಕ್ಕಳ ಶಾಲೆ ಕಟ್ಟುವುದು ಹೇಗೆ

ಊಟದ ಬಿಡುವಿನಲ್ಲಿ ಒಬ್ಬ ಹುಡುಗ ನಲ್ಲಿಯ ಹತ್ತಿರ ನಿಂತು ಬಾಟಲಿಗೆ ನೀರು ತುಂಬಿಸುತ್ತಿದ್ದ. ತುಂಬಿದ ಮೇಲೆ ಅರ್ಧ ಚೆಲ್ಲಿದ. ಮತ್ತೆ ತುಂಬಿಸಿದ. ಮತ್ತೆ ಚೆಲ್ಲಿದ. ನೀರಾಟ ಆಡುತ್ತಿದ್ದಾನೆ ಅಂದುಕೊಂಡು ಗದರಲು ಹೊರಟೆ. ಹತ್ತಿರ ಹೋದಾಗ ವಿಷಯ ಗೊತ್ತಾಯಿತು. ಅವನನ್ನು ಆಟಕ್ಕೆ ಕರೆಯುವವರು ಯಾರೂ ಇರಲಿಲ್ಲ. ಸುಮ್ನೆ ಒಬ್ಬನೇ ನಿಂತರೆ ಎಲ್ಲರ ಕಣ್ಣಿಗೆ ಬೀಳುತ್ತಾನೆ. ಕೈಯಲ್ಲಿ ಬಾಟಲಿ ಇದ್ದರೆ ಏನೋ ಕೆಲಸ ಇದೆ ಅನ್ನಿಸುತ್ತದೆ, ಅಲ್ವಾ? ಇಡೀ ಬಿಡುವನ್ನು ಅವನು ಹಾಗೇ ಕಳೆಯುತ್ತಿದ್ದ.

ಎರಡು ವಾರದ ಹಿಂದಷ್ಟೇ ಅದೇ ಶಾಲೆಯಲ್ಲಿ ಬೇರೆ ಬೇರೆ ಭಾಷೆ, ಬೇರೆ ಬೇರೆ ಸಮುದಾಯದ ಮಕ್ಕಳನ್ನು ವೇದಿಕೆ ಹತ್ತಿಸಿ ಕಾರ್ಯಕ್ರಮ ಮಾಡಿದ್ದೆವು. ಇವನೂ ಹತ್ತಿದ್ದ. ಒಳ್ಳೆ ಚಪ್ಪಾಳೆ ಬಿದ್ದಿತ್ತು.

ಆವತ್ತಿನಿಂದ ಈ ಕೆಲಸವನ್ನು ನಾನು ನೋಡುವ ರೀತಿಯೇ ಬದಲಾಯಿತು. ಸಂಭ್ರಮ ಬೇಕು, ಖಂಡಿತ ಬೇಕು. ಆದರೆ ಅದಕ್ಕೂ ಮೊದಲು ಯಾವ ವಿಶೇಷವೂ ಇಲ್ಲದ ಒಂದು ಮಂಗಳವಾರ ಮಕ್ಕಳಿಗೆ ಹೇಗೆ ಕಳೆಯುತ್ತದೆ ಅನ್ನುವುದು ಸರಿಹೋಗಬೇಕು. ಸರ್ಕಾರಿ ಶಾಲೆಯಲ್ಲಂತೂ ಇದು ತೀರಾ ಮುಖ್ಯ. ಅಲ್ಲಿ ಬಾಗಿಲು ಎಲ್ಲರಿಗೂ ತೆರೆದಿರುತ್ತದೆ. ಬೇರೆಲ್ಲೂ ಒಟ್ಟಿಗೆ ಕೂರದ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಪಕ್ಕದಲ್ಲಿ ಕೂತ ಮಾತ್ರಕ್ಕೆ ಜೊತೆಯಾಗಿಬಿಡುವುದಿಲ್ಲ. ಆ ಜೊತೆಯನ್ನು ದೊಡ್ಡವರು ಕೂತು ಕಟ್ಟಬೇಕು.

ಕೆಳಗೆ ಹೇಳಿರುವುದು ಶಿಕ್ಷಕರಿಗೆ, ಹೆಡ್‌ಮಾಸ್ಟರಿಗೆ, ಪೋಷಕರಿಗೆ ಎಲ್ಲರಿಗೂ. ಒಂದೇ ತಿಂಗಳಲ್ಲಿ ಎಲ್ಲವನ್ನೂ ಮಾಡಬೇಕಿಲ್ಲ. ಆದರೆ ಮೊದಲ ಹೆಜ್ಜೆಯನ್ನು ಮಾತ್ರ ದಯವಿಟ್ಟು ಬಿಡಬೇಡಿ.

ಮೊದಲ ಹೆಜ್ಜೆ: ಒಂದು ವಾರ ಬರೀ ನೋಡಿ

ಏನನ್ನೂ ಬದಲಾಯಿಸಬೇಡಿ, ಏನನ್ನೂ ಹೇಳಬೇಡಿ. ಒಂದು ಹಾಳೆಯಲ್ಲಿ ಆಟದ ಮೈದಾನ, ನಲ್ಲಿ, ಮೆಟ್ಟಿಲು, ಕಾರಿಡಾರು ಎಲ್ಲವನ್ನೂ ಗೆರೆ ಎಳೆದು ಗುರುತು ಮಾಡಿಕೊಳ್ಳಿ. ಬಿಡುವಿನ ಹೊತ್ತಿನಲ್ಲಿ ಯಾರು ಎಲ್ಲಿದ್ದಾರೆ, ಯಾರ ಜೊತೆ ಇದ್ದಾರೆ ಅಂತ ಚುಕ್ಕಿ ಇಡಿ. ಐದು ದಿನ ಮಾಡಿದರೆ ಸಾಕು. ದಿನಾ ಅದೇ ಗೋಡೆಯ ಹತ್ತಿರ ಅದೇ ಒಂಟಿ ಚುಕ್ಕಿ ಕಂಡರೆ, ನೀವು ಹುಡುಕುತ್ತಿದ್ದ ಮಗು ಅದು.

ತರಗತಿಯೊಳಗೆ ಇನ್ನೊಂದು ಲೆಕ್ಕ ಇಡಿ. ಹಾಜರಿ ಪಟ್ಟಿಯ ಒಂದು ನಕಲು ಮೇಜಿನ ಮೇಲಿರಲಿ. ನೀವು ಯಾರ ಹೆಸರು ಹಿಡಿದು ಪ್ರಶ್ನೆ ಕೇಳಿದಿರೋ ಅವರ ಮುಂದೆ ಒಂದು ಗೆರೆ. ಯಾರನ್ನು ಹೊಗಳಿದಿರೋ ಅಲ್ಲಿ ಒಂದು ಸೊನ್ನೆ. ಯಾರನ್ನು ಗದರಿದಿರೋ ಅಲ್ಲಿ ಒಂದು ಅಡ್ಡ ಗುರುತು. ಎಲ್ಲರನ್ನೂ ಒಂದೇ ಥರ ನೋಡುತ್ತೇನೆ ಅಂತ ನಾನು ಪ್ರಾಮಾಣಿಕವಾಗಿ ನಂಬಿದ್ದೆ. ವಾರದ ಕೊನೆಯಲ್ಲಿ ನೋಡಿದರೆ ಏಳೆಂಟು ಹೆಸರುಗಳ ಮುಂದೆ ಗೆರೆ ತುಂಬಿತ್ತು. ಕೆಲವು ಹೆಸರುಗಳ ಮುಂದೆ ಏನೂ ಇರಲಿಲ್ಲ. ಗದರಿಕೆಯೂ ಇರಲಿಲ್ಲ. ಐದು ದಿನ ಆ ಮಕ್ಕಳು ಬಂದು, ಕೂತು, ಹೋಗಿದ್ದರು.

ಮೂರನೆಯದು ಚೀಟಿ. ಪ್ರತಿ ಮಗುವಿಗೂ ಒಂದು ಚೀಟಿ ಕೊಟ್ಟು, ನಿನಗೆ ಯಾರ ಪಕ್ಕ ಕೂರಲು ಇಷ್ಟ, ಬಿಡುವಿನಲ್ಲಿ ಯಾರ ಜೊತೆ ಇರುತ್ತೀಯ, ಶಾಲೆಯಲ್ಲಿ ಯಾವ ಜಾಗಕ್ಕೆ ಹೋಗಲು ನಿನಗೆ ಇಷ್ಟವಿಲ್ಲ ಅಂತ ಕೇಳಿ. ಬರೆಯಲು ಆಗದ ಮಗು ಬಂದು ಕಿವಿಯಲ್ಲಿ ಹೇಳಲಿ. ಆಮೇಲೆ ಹೆಸರುಗಳನ್ನು ಚುಕ್ಕಿ ಮಾಡಿ, ಯಾರು ಯಾರನ್ನು ಆರಿಸಿದ್ದಾರೋ ಆ ಕಡೆಗೆ ಬಾಣ ಎಳೆಯಿರಿ. ಜೇಕಬ್ ಮೊರೆನೊ ಎಂಬ ಮನೋವೈದ್ಯ 1930ರ ದಶಕದಲ್ಲೇ ಶಾಲಾ ಮಕ್ಕಳ ಗೆಳೆತನವನ್ನು ಹೀಗೆ ಚಿತ್ರ ಬರೆದು ನೋಡಿದ್ದರು. ಇವತ್ತಿಗೂ ಇಷ್ಟು ಸುಲಭವಾದ, ಇಷ್ಟು ನಿಜ ಹೇಳುವ ವಿಧಾನ ಇನ್ನೊಂದು ನನಗೆ ಸಿಕ್ಕಿಲ್ಲ. ಒಂದೂ ಬಾಣ ಬಾರದ ಚುಕ್ಕಿಗಳು ಯಾವುವು ನೋಡಿಕೊಳ್ಳಿ.

ಎರಡು ಎಚ್ಚರಿಕೆ. "ನಿನಗೆ ಯಾರು ಇಷ್ಟವಿಲ್ಲ?" ಅಂತ ಯಾವತ್ತೂ ಕೇಳಬೇಡಿ. ಕೇಳಿದ ಕೂಡಲೇ ಮಕ್ಕಳು ಒಬ್ಬರನ್ನೊಬ್ಬರು ತಿರುಗಿ ನೋಡುತ್ತಾರೆ, ಆ ನೋಟವೇ ಗಾಯ ಮಾಡುತ್ತದೆ. ಮತ್ತೆ, ಚೀಟಿಗಳನ್ನು ಮನೆಗೆ ಒಯ್ದು ನೋಡಿ. ಸ್ಟಾಫ್ ರೂಮಿನ ಮೇಜಿನ ಮೇಲೆ ಬಿಡಬೇಡಿ.

ಕೊನೆಯ ಪ್ರಶ್ನೆಯ ಉತ್ತರಗಳನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಶೌಚಾಲಯದ ಹಿಂದೆ, ಬಸ್ಸಿನ ಕೊನೆಯ ಸೀಟು, ಮೆಟ್ಟಿಲಿನ ತಿರುವು ಅಂತ ಮಕ್ಕಳು ಕರಾರುವಾಕ್ಕಾಗಿ ಬರೆಯುತ್ತಾರೆ. ಮರುದಿನದಿಂದಲೇ ಬಿಡುವಿನಲ್ಲಿ ಒಬ್ಬ ದೊಡ್ಡವರು ಅಲ್ಲಿ ನಿಲ್ಲಲಿ. ಇದಕ್ಕೆ ಸಭೆ, ಠರಾವು ಯಾವುದೂ ಬೇಡ.

ಹೆಸರು ಸರಿಯಾಗಿ ಕರೆಯಿರಿ

ಒಂದು ವರ್ಷ ನನ್ನ ತರಗತಿಯಲ್ಲಿದ್ದ ಹುಡುಗಿಯ ಹೆಸರು ನನ್ನ ನಾಲಿಗೆಗೆ ಹೊರಳುತ್ತಿರಲಿಲ್ಲ. ಅರ್ಧಕ್ಕೆ ಕತ್ತರಿಸಿ ಕರೆಯುತ್ತಿದ್ದೆ, ಅವಳು "ಯೆಸ್" ಅನ್ನುತ್ತಿದ್ದಳು. ವರ್ಷದ ಕೊನೆಯಲ್ಲಿ ಅವಳ ಅಮ್ಮ ಬಂದು ಮಗಳನ್ನು ಪೂರ್ತಿ ಹೆಸರಿನಿಂದ ಕರೆದರು. ಆ ಹುಡುಗಿ ತಿರುಗಿದ ರೀತಿಯೇ ಬೇರೆ. ಹತ್ತು ತಿಂಗಳು ನಾನು ಬೇರೆ ಯಾರನ್ನೋ ಕರೆಯುತ್ತಿದ್ದೆ ಅನ್ನಿಸಿತು. ಆ ನೋವು ಇನ್ನೂ ಹೋಗಿಲ್ಲ.

ಹಾಗಾಗಿ ಮೊದಲ ದಿನವೇ ಮಗುವನ್ನೇ ಕೇಳಿ: "ನಿನ್ನ ಹೆಸರನ್ನು ಮನೆಯಲ್ಲಿ ಹೇಗೆ ಕರೆಯುತ್ತಾರೆ? ಇನ್ನೊಂದು ಸಲ ನಿಧಾನವಾಗಿ ಹೇಳು." ಕೇಳಿದ್ದನ್ನು ನಿಮ್ಮ ಅಕ್ಷರದಲ್ಲಿ ಹಾಜರಿ ಪುಸ್ತಕದಲ್ಲೇ ಬರೆದುಕೊಳ್ಳಿ. ತಪ್ಪಿದರೆ ತಿದ್ದಲು ಹೇಳಿ. ಮಕ್ಕಳು ಇಟ್ಟ ಅಡ್ಡಹೆಸರಿನಿಂದ ಯಾರನ್ನೂ ಕರೆಯಬೇಡಿ, ಆ ಮಗು ನಗುತ್ತಿದ್ದರೂ ಬೇಡ. ಎಷ್ಟೋ ಸಲ ಬೇರೆ ದಾರಿ ಕಾಣದೆ ಮಕ್ಕಳು ನಗುತ್ತಾರೆ.

ಪ್ರಶ್ನೆ ಕೇಳಿದ ಮೇಲೆ ಕಾಯಿರಿ

ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳಲ್ಲಿ ಟೇಪ್ ರೆಕಾರ್ಡರ್ ಇಟ್ಟು ಅಳೆದಾಗ, ಪ್ರಶ್ನೆ ಕೇಳಿದ ಮೇಲೆ ಶಿಕ್ಷಕರು ಸರಾಸರಿ ಒಂದು ಸೆಕೆಂಡು ಮಾತ್ರ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಏರಿಸಿದಾಗ ಉತ್ತರಗಳು ಉದ್ದವಾದವು. ಅದುವರೆಗೆ ಬಾಯಿ ಬಿಡದಿದ್ದ ಮಕ್ಕಳೂ ಮಾತಾಡತೊಡಗಿದರು. ಮನೆಭಾಷೆ ಬೇರೆ ಇರುವ ಮಗು ಪ್ರಶ್ನೆಯನ್ನು ಮನಸ್ಸಿನಲ್ಲಿ ತನ್ನ ಭಾಷೆಗೆ ತಿರುಗಿಸಬೇಕು, ಉತ್ತರವನ್ನು ಮತ್ತೆ ಈ ಕಡೆ ತಿರುಗಿಸಬೇಕು. ಒಂದು ಸೆಕೆಂಡು ಯಾವ ಮೂಲೆಗೂ ಸಾಲದು. ಮನಸ್ಸಿನಲ್ಲೇ ಮೂರು ಎಣಿಸಿ. ಮೊದಮೊದಲು ತುಂಬಾ ಹೊತ್ತು ಅನ್ನಿಸುತ್ತದೆ, ಆದರೂ ಎಣಿಸಿ.

ಒಬ್ಬರಿಗೊಬ್ಬರು ಬೇಕಾಗುವ ಹಾಗೆ ಪಾಠ ಮಾಡಿ

ಇಡೀ ಲೇಖನದಲ್ಲಿ ಒಂದೇ ವಿಷಯ ಪ್ರಯೋಗ ಮಾಡುತ್ತೀರಿ ಅಂದರೆ ಇದನ್ನೇ ಮಾಡಿ.

ಅಮೆರಿಕದಲ್ಲಿ ಬಣ್ಣದ ಆಧಾರದ ಮೇಲೆ ಸರ್ಕಾರಿ ಶಾಲೆಗಳನ್ನು ಬೇರೆ ಮಾಡುವುದು ತಪ್ಪು ಅಂತ ಅಲ್ಲಿನ ಸುಪ್ರೀಂ ಕೋರ್ಟ್ 1954ರಲ್ಲಿ ತೀರ್ಪು ಕೊಟ್ಟಿತು. ಕೆಲವು ಊರುಗಳಲ್ಲಿ ಅದು ಜಾರಿಗೆ ಬರಲು ವರ್ಷಗಟ್ಟಲೆ ಹಿಡಿಯಿತು. ಟೆಕ್ಸಸ್‌ನ ಆಸ್ಟಿನ್ ನಗರದಲ್ಲಿ ಬಿಳಿಯ, ಕಪ್ಪು ಮತ್ತು ಮೆಕ್ಸಿಕನ್ ಮೂಲದ ಮಕ್ಕಳು ಒಂದೇ ತರಗತಿಗೆ ಬಂದಾಗ ಗೆಳೆತನ ಹುಟ್ಟಲಿಲ್ಲ, ಹೊಡೆದಾಟ ಶುರುವಾಯಿತು. 1971ರಲ್ಲಿ ಎಲಿಯಟ್ ಆರನ್‌ಸನ್ ಎಂಬ ಮನಶ್ಶಾಸ್ತ್ರಜ್ಞರನ್ನು ಕರೆಸಿದರು. ಅವರು ತರಗತಿಯಲ್ಲಿ ಕೂತು ನೋಡಿದರು. ಮೇಷ್ಟ್ರು ಪ್ರಶ್ನೆ ಕೇಳುತ್ತಾರೆ, ನಾಲ್ಕೈದು ಕೈ ಮೇಲೇಳುತ್ತವೆ. ಒಬ್ಬ ತಪ್ಪು ಹೇಳಿದರೆ ಉಳಿದವರಿಗೆ ಖುಷಿ, ಯಾಕೆಂದರೆ ಈಗ ತಮ್ಮ ಸರದಿ. ಹಿಂದಿನ ಸಾಲಿನವರು ತಲೆ ಬಗ್ಗಿಸಿ ಕೂತಿರುತ್ತಾರೆ. ಹೀಗೆ ಪೈಪೋಟಿಗೆ ಇಳಿದ ಮಕ್ಕಳ ಮಧ್ಯೆ ಗೆಳೆತನ ಎಲ್ಲಿಂದ ಹುಟ್ಟಬೇಕು?

ಅವರು ಪಾಠವನ್ನೇ ತುಂಡು ಮಾಡಿದರು. ಅದಕ್ಕೇ ಇದನ್ನು ಜಿಗ್ಸಾ ತರಗತಿ ಅನ್ನುತ್ತಾರೆ, ಚಿತ್ರದ ತುಂಡುಗಳನ್ನು ಜೋಡಿಸುವ ಆಟದ ಹಾಗೆ. ಮಾಡುವುದು ಹೀಗೆ:

ಮೂವತ್ತು ಮಕ್ಕಳಿದ್ದಾರೆ ಅಂದುಕೊಳ್ಳಿ. ಐದೈದು ಜನರ ಆರು ಗುಂಪು ಮಾಡಿ. ಗುಂಪನ್ನು ನೀವೇ ಮಾಡಬೇಕು, ಮಕ್ಕಳಿಗೆ ಬಿಟ್ಟರೆ ಹಳೇ ಗುಂಪುಗಳೇ ಮತ್ತೆ ಆಗುತ್ತವೆ. ಮೊದಲ ವಾರದ ಚುಕ್ಕಿ-ಬಾಣದ ಹಾಳೆ ಈಗ ಕೈಯಲ್ಲಿರಲಿ. ಭಾಷೆ, ಸಮುದಾಯ, ಓದಿನ ಮಟ್ಟ, ಹುಡುಗ-ಹುಡುಗಿ ಎಲ್ಲ ಬೆರೆಯಲಿ. ಒಂಟಿ ಚುಕ್ಕಿಯ ಮಗುವಿನ ಗುಂಪಿಗೆ ಮೃದು ಸ್ವಭಾವದ ಒಬ್ಬರನ್ನಾದರೂ ಹಾಕಿ.

ಪಾಠವನ್ನು ಐದು ತುಂಡು ಮಾಡಿ. ಒಬ್ಬರ ಜೀವನಚರಿತ್ರೆ ಆದರೆ ಬಾಲ್ಯ, ಓದು, ಕೆಲಸ, ಕಷ್ಟದ ದಿನಗಳು, ಕೊನೆಯ ವರ್ಷಗಳು. ಪ್ರತಿ ಗುಂಪಿನಲ್ಲೂ ಒಬ್ಬೊಬ್ಬರಿಗೆ ಒಂದೊಂದು ತುಂಡು. ಬೇರೆಯವರ ತುಂಡನ್ನು ಓದಲು ಕೊಡಬೇಡಿ.

ಈಗ ಒಂದೇ ತುಂಡು ಸಿಕ್ಕ ಆರು ಮಕ್ಕಳು ಎದ್ದು ಒಂದು ಕಡೆ ಕೂರಲಿ. ಕಾಲು ಗಂಟೆ ಒಟ್ಟಿಗೆ ಓದಿ, ಗೊತ್ತಾಗದ್ದನ್ನು ಕೇಳಿಕೊಂಡು, ಗುಂಪಿಗೆ ಹೋಗಿ ಹೇಗೆ ಹೇಳುವುದು ಅಂತ ಅಭ್ಯಾಸ ಮಾಡಲಿ. ಈ ಭಾಗವನ್ನು ಬಿಡಲೇಬೇಡಿ. ಓದಲು ತಡವರಿಸುವ ಮಗು ತನ್ನ ಗುಂಪಿನ ಮುಂದೆ ಧೈರ್ಯವಾಗಿ ಬಾಯಿ ಬಿಡಲು ಇಲ್ಲೇ ತಯಾರಾಗುತ್ತದೆ.

ಆಮೇಲೆ ಎಲ್ಲರೂ ತಮ್ಮ ತಮ್ಮ ಗುಂಪಿಗೆ ವಾಪಸ್. ಒಬ್ಬೊಬ್ಬರೇ ತಮ್ಮ ತುಂಡನ್ನು ಹೇಳಬೇಕು, ಉಳಿದವರು ಕೇಳಿ ಪ್ರಶ್ನೆ ಹಾಕಬೇಕು. ಕೊನೆಗೆ ಇಡೀ ಪಾಠದ ಮೇಲೆ ಒಂದು ಸಣ್ಣ ಪರೀಕ್ಷೆ. ಅದನ್ನು ಪ್ರತಿಯೊಬ್ಬರೂ ಒಬ್ಬೊಬ್ಬರೇ ಬರೆಯಬೇಕು.

ಆಸ್ಟಿನ್‌ನಲ್ಲಿ ಜೋಸೆಫ್ ಪುಲಿಟ್ಜರ್ ಎಂಬ ಪತ್ರಿಕೋದ್ಯಮಿಯ ಜೀವನದ ಪಾಠ ನಡೆಯುವಾಗ ಏನಾಯಿತು ಅಂತ ಆರನ್‌ಸನ್ ಬರೆದಿದ್ದಾರೆ. ಇಂಗ್ಲಿಷ್ ಮನೆಭಾಷೆಯಲ್ಲದ ಒಬ್ಬ ಹುಡುಗ ತನ್ನ ಭಾಗ ಹೇಳುವಾಗ ತೊದಲಿದ. ಉಳಿದವರು ಗೇಲಿ ಮಾಡಿದರು. ಅಲ್ಲಿದ್ದ ಸಹಾಯಕರು ಯಾರಿಗೂ ಬೈಯಲಿಲ್ಲ. ಹಾಗೆ ಮಾತಾಡಿದರೆ ಪುಲಿಟ್ಜರ್ ಜೀವನದ ಆ ಭಾಗ ನಿಮಗೆ ಗೊತ್ತಾಗುವುದಿಲ್ಲ, ಪರೀಕ್ಷೆಗೆ ಇನ್ನು ಜಾಸ್ತಿ ಹೊತ್ತಿಲ್ಲ ಅಂತ ಅಷ್ಟೇ ನೆನಪಿಸಿದರು. ಕೆಲವು ದಿನಗಳಲ್ಲಿ ಆ ಮಕ್ಕಳು ಅವನಿಗೆ ಒಳ್ಳೆಯ ಪ್ರಶ್ನೆಗಳನ್ನು ಕೇಳುವುದನ್ನು ಕಲಿತರು. ಪ್ರಶ್ನೆ ಸರಿಯಾಗಿದ್ದಾಗ ಅವನೂ ಸರಾಗವಾಗಿ ಹೇಳತೊಡಗಿದ. ಅವನಿಗೆ ಎಷ್ಟೆಲ್ಲ ಗೊತ್ತು ಅನ್ನುವುದು ಅವರಿಗೆ ಆಗಲೇ ತಿಳಿದದ್ದು.

ನಾನು ಮಾಡಿದ ಒಂದು ತಪ್ಪನ್ನು ನೀವು ಮಾಡಬೇಡಿ. ಓದಿನಲ್ಲಿ ಹಿಂದಿರುವ ಮಗುವಿಗೆ ಕನಿಕರದಿಂದ ಎಲ್ಲಕ್ಕಿಂತ ಚಿಕ್ಕ ತುಂಡು ಕೊಟ್ಟಿದ್ದೆ. ಗುಂಪಿನವರು ಒಂದೇ ನೋಟಕ್ಕೆ ಕಂಡುಹಿಡಿದರು. ಆ ಮಗುವಿನ ಮುಖ ಬಾಡಿತು. ತುಂಡಿನ ಅಳತೆ ಎಲ್ಲರಿಗೂ ಒಂದೇ ಇರಲಿ. ಸಹಾಯ ಬೇಕಾದರೆ ಹಿಂದಿನ ದಿನವೇ ಆ ಭಾಗವನ್ನು ಓದಿಸಿ. ವಾರಕ್ಕೆ ಎರಡು ಸಲ, ಅದೇ ಗುಂಪುಗಳಲ್ಲಿ ಒಂದೂವರೆ ತಿಂಗಳು ನಡೆಸಿ, ಆಮೇಲೆ ಗುಂಪು ಬದಲಿಸಿ. ಮೊದಲ ಎರಡು ವಾರ ಗದ್ದಲ ಇದ್ದೇ ಇರುತ್ತದೆ.

ಮನೆಯ ಭಾಷೆ

ಶಾಲೆಯ ಭಾಷೆ ಬರದ ಮಗುವಿಗೆ ಏನೂ ಬರುವುದಿಲ್ಲ ಅಂತ ನಾವು ಬೇಗ ತೀರ್ಮಾನಿಸಿಬಿಡುತ್ತೇವೆ. ಹೊಸ ಭಾಷೆಯ ನಡುವೆ ಬಂದ ಮಗು ಕೆಲವು ವಾರ, ಕೆಲವೊಮ್ಮೆ ಕೆಲವು ತಿಂಗಳು ಮಾತಾಡದೆ ಬರೀ ಕೇಳಿಸಿಕೊಳ್ಳಬಹುದು. ಒತ್ತಾಯ ಮಾಡಬೇಡಿ. ಕೈ ತೋರಿಸಿ, ಚಿತ್ರ ಬರೆದು ಉತ್ತರ ಕೊಡಲು ಬಿಡಿ. ಅದೇ ಭಾಷೆಯ ಇನ್ನೊಂದು ಮಗು ಇದ್ದರೆ ಇಬ್ಬರೂ ಮೊದಲು ತಮ್ಮ ಭಾಷೆಯಲ್ಲಿ ಮಾತಾಡಿಕೊಂಡು, ಆಮೇಲೆ ಶಾಲೆಯ ಭಾಷೆಯಲ್ಲಿ ಬರೆಯಲಿ. ಆದರೆ ಆ ಇನ್ನೊಂದು ಮಗುವನ್ನು ವರ್ಷಪೂರ್ತಿ ದುಭಾಷಿ ಮಾಡಿ ಕೂರಿಸಬೇಡಿ, ಅದಕ್ಕೂ ಓದಿದೆ. ಪೋಷಕರ ಹತ್ತಿರ ದೂರಿನ ವಿಷಯ ಮಾತಾಡುವಾಗಲಂತೂ ಮಗುವಿನ ಬಾಯಲ್ಲಿ ಅನುವಾದ ಮಾಡಿಸಲೇಬೇಡಿ.

ಬಿಡುವಿನಲ್ಲಿ ಮನೆಭಾಷೆ ಮಾತಾಡಿದ್ದಕ್ಕೆ ದಂಡ, ಶಿಕ್ಷೆ ಇದ್ದರೆ ಇವತ್ತೇ ನಿಲ್ಲಿಸಿ. ಅಲ್ಪಸಂಖ್ಯಾತ ಮಕ್ಕಳು ತಮ್ಮವರ ಜೊತೆ ತಮ್ಮ ಭಾಷೆ ಬಳಸುವುದು ಅವರ ಹಕ್ಕು ಅಂತ 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 30ನೇ ವಿಧಿ ಹೇಳುತ್ತದೆ.

ಕಟ್ಟಡ ಮತ್ತು ಕಪ್ಪು ಹಲಗೆ

1994ರಲ್ಲಿ ಸ್ಪೇನ್‌ನ ಸಲಮಾಂಕದಲ್ಲಿ 92 ಸರ್ಕಾರಗಳ ಪ್ರತಿನಿಧಿಗಳು ಸೇರಿ, ಅಂಗವಿಕಲ ಮಕ್ಕಳೂ ಸಾಮಾನ್ಯ ಶಾಲೆಯಲ್ಲೇ ಕಲಿಯಬೇಕು, ಶಾಲೆ ಅವರಿಗೆ ತಕ್ಕಂತೆ ಬದಲಾಗಬೇಕು ಎಂಬ ಘೋಷಣೆಯನ್ನು ಒಪ್ಪಿದರು. ಮಗು ಬರಲಿ, ಆಮೇಲೆ ನೋಡೋಣ ಅಂದರೆ ಆ ಮಗು ಬರುವುದೇ ಇಲ್ಲ.

ಟೇಪು ಹಿಡಿದು ಮೆಟ್ಟಿಲು ಅಳೆಯಿರಿ. ಗಾಲಿಕುರ್ಚಿಗೆ ಸಾಮಾನ್ಯವಾಗಿ ಹೇಳುವ ಇಳಿಜಾರು 1:12. ಅಂದರೆ 15 ಸೆಂಟಿಮೀಟರ್ ಎತ್ತರದ ಒಂದು ಮೆಟ್ಟಿಲಿಗೆ 180 ಸೆಂಟಿಮೀಟರ್ ಉದ್ದದ ಇಳಿಜಾರು ಬೇಕು, ಮೂರು ಮೆಟ್ಟಿಲಿಗೆ 5.4 ಮೀಟರ್. ಒಂದು ಹಲಗೆ ಒರಗಿಸಿ ಇಳಿಜಾರು ಅಂದರೆ ಕುರ್ಚಿ ಹಿಂದಕ್ಕೆ ಉರುಳುತ್ತದೆ. ಇಳಿಜಾರು ಕಟ್ಟಲು ದುಡ್ಡು ಬರುವವರೆಗೆ ಆ ತರಗತಿಯನ್ನು ನೆಲಮಟ್ಟದ ಕೋಣೆಗೆ ಇಳಿಸಿ. ಇದಕ್ಕೆ ದುಡ್ಡು ಬೇಡ.

ಹಲಗೆಯ ಮೇಲೆ ಕೆಂಪು, ಹಸಿರು ಬಣ್ಣದಿಂದ ಮಾತ್ರ ವ್ಯತ್ಯಾಸ ತೋರಿಸಬೇಡಿ. ಕೆಲವು ಜನಸಮುದಾಯಗಳಲ್ಲಿ ಸುಮಾರು 12 ಗಂಡುಮಕ್ಕಳಲ್ಲಿ ಒಬ್ಬರಿಗೆ ಬಣ್ಣಗಳ ವ್ಯತ್ಯಾಸ ಸರಿಯಾಗಿ ತಿಳಿಯುವುದಿಲ್ಲ, ಎಷ್ಟೋ ಸಲ ಅದು ಅವರಿಗೇ ಗೊತ್ತಿರುವುದಿಲ್ಲ. ಅಡಿಗೆರೆ ಹಾಕಿ, ಚೌಕ ಹಾಕಿ. ಹಲಗೆಯ ಕಡೆ ಮುಖ ಮಾಡಿ ಮಾತಾಡಬೇಡಿ, ಕಿವಿ ಮಂದವಿರುವ ಮಗು ನಿಮ್ಮ ತುಟಿ ನೋಡುತ್ತಿರುತ್ತದೆ. ಸಂಜೆ ಮಕ್ಕಳ ನೀರಿನ ಬಾಟಲಿಗಳ ಮೇಲೂ ಒಮ್ಮೆ ಕಣ್ಣು ಹಾಯಿಸಿ. ಬೆಳಿಗ್ಗೆ ತಂದ ನೀರು ಹಾಗೇ ಇದ್ದರೆ ಎಷ್ಟೋ ಸಲ ಕಾರಣ ಶೌಚಾಲಯ. ಅಲ್ಲಿ ಹೋಗಲು ಆಗುವುದಿಲ್ಲ ಅಂತ ಮಗು ನೀರೇ ಕುಡಿಯುವುದಿಲ್ಲ.

ಪೋಷಕರು

ಸಭೆಗೆ ಬಾರದ ಪೋಷಕರಿಗೆ ಮಗುವಿನ ಮೇಲೆ ಕಾಳಜಿ ಇಲ್ಲ ಅನ್ನುವ ಮಾತನ್ನು ಬಿಟ್ಟುಬಿಡಿ. ಕೆಲಸದ ಹೊತ್ತಿನಲ್ಲಿ ಸಭೆ ಇಟ್ಟರೆ ದಿನಗೂಲಿಯವರು ಹೇಗೆ ಬರುತ್ತಾರೆ? ಒಂದು ಸಭೆಯಾದರೂ ಸಂಜೆ ಅಥವಾ ರಜಾ ದಿನ ಇಡಿ. ಓದಲು ಬಾರದವರಿಗೆ ನೋಟಿಸಿನ ಬದಲು ಅವರ ಭಾಷೆಯಲ್ಲಿ ಅರ್ಧ ನಿಮಿಷದ ಧ್ವನಿ ಸಂದೇಶ ಕಳಿಸಿ. ಪ್ರತಿ ಮನೆಗೂ ಮೊದಲ ಫೋನು ಒಳ್ಳೆ ಸುದ್ದಿಯದ್ದಾಗಿರಲಿ.

ಫಾರಂನಲ್ಲಿ "ತಂದೆ", "ತಾಯಿ" ಅಂತ ಎರಡೇ ಗೆರೆ ಇದ್ದರೆ ಅಜ್ಜಿಯ ಹತ್ತಿರ ಬೆಳೆಯುವ ಮಗು ಏನು ಬರೆಯಬೇಕು? "ಮಗುವನ್ನು ನೋಡಿಕೊಳ್ಳುವವರು" ಅಂತ ಹಾಕಿ. ರಜೆಯಲ್ಲಿ ಎಲ್ಲಿಗೆ ಪ್ರವಾಸ ಹೋಗಿದ್ದಿರಿ ಅನ್ನುವ ಪ್ರಬಂಧವೂ ಹಾಗೇ. ರಜೆಯಲ್ಲಿ ನೀನು ಗಮನವಿಟ್ಟು ನೋಡಿದ ಒಂದು ವಸ್ತುವಿನ ಬಗ್ಗೆ ಬರೆ ಅಂದರೆ ಎಲ್ಲರೂ ಬರೆಯಬಹುದು.

ನೋಯಿಸುವ ಮಾತು ಬಂದಾಗ

ಎಷ್ಟೇ ಮಾಡಿದರೂ ಒಂದು ದಿನ ಯಾರೋ ಒಬ್ಬರು ಇನ್ನೊಬ್ಬರ ಮೈಬಣ್ಣ, ಜಾತಿ, ಧರ್ಮ, ಅಂಗವಿಕಲತೆ ಅಥವಾ ಮನೆಯ ಬಡತನ ಹಿಡಿದು ಒಂದು ಮಾತು ಆಡುತ್ತಾರೆ. ತರಗತಿ ನಗುತ್ತದೆ. ಆಮೇಲೆ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಕೇಳಿಸದ ಹಾಗೆ ಪಾಠ ಮುಂದುವರಿಸಿದರೆ ಆ ಮಾತಿಗೆ ನೀವೂ ಸಹಿ ಹಾಕಿದ ಹಾಗೆ.

ಅಲ್ಲೇ ನಿಲ್ಲಿಸಿ. ದನಿ ಏರಿಸಬೇಡಿ. "ನೀನು ಈಗ ಹೇಳಿದ ಮಾತು ಅವನನ್ನು ನೋಯಿಸುತ್ತದೆ. ಈ ತರಗತಿಯಲ್ಲಿ ಆ ಮಾತು ಬೇಡ" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ. ಇಷ್ಟು ಸಾಕು, ಭಾಷಣ ಬೇಡ. "ತಮಾಷೆಗೆ ಹೇಳಿದೆ ಮಿಸ್" ಅಂದರೆ, "ಅವನಿಗೆ ತಮಾಷೆ ಅನ್ನಿಸಲಿಲ್ಲ" ಅನ್ನಿ.

ಬಿಡುವಿನಲ್ಲಿ ಮೊದಲು ನೊಂದ ಮಗುವಿನ ಹತ್ತಿರ ಹೋಗಿ. ಇದು ಮೊದಲ ಸಲವಾ ಅಂತ ಕೇಳಿ. ಹೆಚ್ಚಿನ ಸಲ ಅದು ಮೊದಲನೆಯದಾಗಿರುವುದಿಲ್ಲ. ದಿನಾಂಕ ಹಾಕಿ ಬರೆದಿಡಿ. ಪದೇ ಪದೇ ಆಗುತ್ತಿದ್ದರೆ ಆ ಬರಹವೇ ನಿಮಗೆ ಆಧಾರ. ಆಮೇಲೆ ಮಾತಾಡಿದ ಮಗುವನ್ನು ಒಂಟಿಯಾಗಿ ಕರೆದು ಆ ಮಾತು ಎಲ್ಲಿ ಕೇಳಿದೆ ಅಂತ ವಿಚಾರಿಸಿ. ತುಂಬಾ ಸಲ ಮನೆಯಲ್ಲಿ ಕೇಳಿದ ಮಾತಾಗಿರುತ್ತದೆ. ಮಗುವನ್ನು ಕೆಟ್ಟವನು ಅನ್ನಬೇಡಿ, ಮಾತು ಕೆಟ್ಟದ್ದು ಅನ್ನಿ. ಎಲ್ಲರ ಮುಂದೆ ನಿಲ್ಲಿಸಿ "ಕೈ ಕುಲುಕಿ, ಸಾರಿ ಕೇಳು" ಅನ್ನುವುದನ್ನು ಮಾತ್ರ ಮಾಡಬೇಡಿ. ನೊಂದ ಮಗು ಎಲ್ಲರ ಎದುರು ಎರಡನೇ ಸಲ ನಿಲ್ಲಬೇಕಾಗುತ್ತದೆ. ಕ್ಷಮಿಸುವ ಮನಸ್ಸು ಇಲ್ಲದಿದ್ದರೂ ಕ್ಷಮಿಸಿದೆ ಅನ್ನಬೇಕಾಗುತ್ತದೆ.

ಇಂಥ ಮಾತು ಸ್ಟಾಫ್ ರೂಮಿನಲ್ಲೂ ಬರುತ್ತದೆ. "ಆ ಕಡೆಯವರ ಮಕ್ಕಳು ಅಷ್ಟೇ" ಅಂತ ಯಾರಾದರೂ ಅಂದರೆ ಅಲ್ಲೂ ಸುಮ್ಮನಿರಬೇಡಿ.

ಈಗ ಸಂಭ್ರಮ

ಇಷ್ಟು ಆದ ಮೇಲೆ ಕಾರ್ಯಕ್ರಮ ಮಾಡಿ. ಒಂದು ಮಗುವಿಗೆ ವೇಷ ಹಾಕಿಸಿ "ಇವರು ಹೀಗೆ" ಅಂತ ತೋರಿಸಬೇಡಿ. ಒಂದು ಸಮುದಾಯದ ಪರವಾಗಿ ನಿಂತು ಉತ್ತರ ಕೊಡುವ ಹೊರೆ ಮಕ್ಕಳ ಮೇಲೆ ಬೇಡ. ಏನು ತೋರಿಸುತ್ತೀಯ, ಏನು ಹೇಳುತ್ತೀಯ ಅಂತ ಅವರನ್ನೇ ಕೇಳಿ. ಏನೂ ಬೇಡ ಅಂದರೆ ಅದಕ್ಕೂ ಸರಿ ಅನ್ನಿ.

ಫೆಬ್ರವರಿ 21 ಅಂತರರಾಷ್ಟ್ರೀಯ ಮಾತೃಭಾಷಾ ದಿನ. 1952ರಲ್ಲಿ ಢಾಕಾದಲ್ಲಿ ಬಂಗಾಳಿ ಭಾಷೆಗಾಗಿ ಬೀದಿಗಿಳಿದ ವಿದ್ಯಾರ್ಥಿಗಳು ಗುಂಡಿಗೆ ಬಲಿಯಾದ ದಿನ ಅದು. ಯುನೆಸ್ಕೊ 1999ರಲ್ಲಿ ಘೋಷಿಸಿ 2000ದಿಂದ ಆಚರಿಸುತ್ತಿದೆ. ಆವತ್ತು ಮಕ್ಕಳು ಒಬ್ಬರಿಗೊಬ್ಬರು ತಮ್ಮ ಭಾಷೆಯಲ್ಲಿ ಹತ್ತರವರೆಗೆ ಎಣಿಸಲು ಕಲಿಸಲಿ. ಶಿಕ್ಷಕರೂ ಮಕ್ಕಳ ಸಾಲಿನಲ್ಲೇ ಕೂತು ಕಲಿಯಲಿ. ತಪ್ಪು ಉಚ್ಚಾರ ಮಾಡುವ ಟೀಚರನ್ನು ತಿದ್ದುವಾಗ, ವರ್ಷವಿಡೀ ಬಾಯಿ ಬಿಡದ ಮಗುವಿನ ಬೆನ್ನು ಹೇಗೆ ನೆಟ್ಟಗಾಗುತ್ತದೆ ಅಂತ ನೀವೇ ನೋಡುತ್ತೀರಿ. ಆಟಗಳೂ ಹಾಗೇ, ಮನೆಯಲ್ಲಿ ಆಡುವ ಒಂದು ಆಟವನ್ನು ಉಳಿದವರಿಗೆ ಕಲಿಸುವುದು ಯಾವ ಮಗುವಿಗೂ ಕಷ್ಟವಲ್ಲ.

ಪರೀಕ್ಷೆಯ ದಿನಾಂಕ ಹಾಕುವ ಮುಂಚೆ ಶಾಲೆಯಲ್ಲಿರುವ ಎಲ್ಲ ಮನೆಗಳ ಹಬ್ಬಗಳನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿಕೊಳ್ಳಿ. ಒಂದು ಭಾಷಣಕ್ಕಿಂತ ಇದು ಆ ಮನೆಗಳಿಗೆ ಬೇಗ ತಲುಪುತ್ತದೆ.

ಮೂರು ತಿಂಗಳ ಮೇಲೆ

ಹೊಸ ಹಾಳೆ ತೆಗೆದುಕೊಳ್ಳಿ. ಅದೇ ಮೈದಾನ, ಅದೇ ನಲ್ಲಿ, ಅದೇ ಬಿಡುವು, ಮತ್ತೆ ಐದು ದಿನ. ಹಳೇ ಹಾಳೆಯನ್ನು ಮೊದಲೇ ನೋಡಬೇಡಿ, ನೋಡಿದರೆ ಕಣ್ಣು ತನಗೆ ಬೇಕಾದ್ದನ್ನೇ ಹುಡುಕುತ್ತದೆ. ಶುಕ್ರವಾರ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೆಲವು ಒಂಟಿ ಚುಕ್ಕಿಗಳು ಜಾಗ ಬಿಟ್ಟಿರುತ್ತವೆ. ಒಂದೆರಡು ಅಲ್ಲೇ ಇರುತ್ತವೆ, ಹೊಸದೊಂದು ಬಂದಿರಲೂಬಹುದು. ಆ ಹೆಸರುಗಳನ್ನು ಬರೆದುಕೊಂಡು ಸೋಮವಾರದ ಗುಂಪುಗಳನ್ನು ಅಲ್ಲಿಂದಲೇ ಮಾಡಿ.